ಪೆನ್‌ಡ್ರೈವ್ ಬಿಡಿ, ಮಹಡಿ ಮೇಲಿನ ಫೋಟೋ, ಹಾಡು ಹಾಲ್‌ನ ಟಿವಿಗೆ ತನ್ನಿ

ಹೋದ ಗೌರಿಹಬ್ಬಕ್ಕೆ ನಮ್ಮ ದೊಡ್ಡಮ್ಮ ಗುಬ್ಬಿಯಿಂದ ತುಮಕೂರಿಗೆ ಬಂದಿದ್ದರು. ಊಟ ಆಯಿತು, ಎಲೆ ಅಡಿಕೆ ಆಯಿತು. "ದೇವರಾಯನದುರ್ಗಕ್ಕೆ ಹೋಗಿದ್ದೆವಲ್ಲ, ಆ ಫೋಟೋ ಹಾಕೋ ಟಿವಿಗೆ" ಅಂದರು. ಫೋಟೋ ಇರುವುದು ಮಹಡಿ ಮೇಲಿನ ಕಂಪ್ಯೂಟರಿನಲ್ಲಿ, ಟಿವಿ ಇರುವುದು ಕೆಳಗೆ ಹಾಲ್‌ನಲ್ಲಿ. ಪೆನ್‌ಡ್ರೈವ್ ಹುಡುಕಿ, ಮೇಲೆ ಹತ್ತಿ, ಕಾಪಿ ಮಾಡಿ, ಕೆಳಗಿಳಿದು ಟಿವಿಗೆ ಚುಚ್ಚಿದರೆ ಬಂದದ್ದು ಬೇರೆ ಯಾವುದೋ ಫೋಲ್ಡರ್. ಮತ್ತೆ ಹತ್ತಿದೆ. ಮೂರನೇ ಸಲ ಇಳಿದು ಬರುವಷ್ಟರಲ್ಲಿ ಅವರು ಬಸ್ಸಿಗೆ ಹೊತ್ತಾಯಿತು ಅಂತ ಚಪ್ಪಲಿ ಹಾಕಿಕೊಳ್ಳುತ್ತಿದ್ದರು.

ಆ ವಾರವೇ ಕೂತು ಇದಕ್ಕೊಂದು ದಾರಿ ಮಾಡಿದೆ. ಮಾಡಿದ ಮೇಲೆ ಗೊತ್ತಾಗಿದ್ದು ಇಷ್ಟು: ಹೊಸದಾಗಿ ಏನೂ ಕೊಳ್ಳಬೇಕಾಗಿಲ್ಲ. ಕಂಪ್ಯೂಟರಿಗೂ ಟಿವಿಗೂ ಈ ಕೆಲಸ ಮೊದಲಿಂದಲೂ ಬರುತ್ತದೆ. ಅವೆರಡೂ ಒಂದನ್ನೊಂದು ನೋಡುವ ಹಾಗೆ ಮಾಡುವುದೊಂದೇ ನಮ್ಮ ಕೆಲಸ, ಮತ್ತು ಹತ್ತರಲ್ಲಿ ಒಂಬತ್ತು ಸಲ ತೊಂದರೆ ಇರುವುದೂ ಅಲ್ಲೇ. ಹಾಗಾಗಿ ಅಂಗಡಿಗೆ ಹೋಗಿ ಯಾವುದೋ ಡಬ್ಬಿ ತರುವ ಮುಂಚೆ ಇದನ್ನು ಓದಿ.

ಎಲ್ಲರೂ ಮೊದಲು ಕೇಳುವ ಪ್ರಶ್ನೆ, "ಇದಕ್ಕೆ ಡೇಟಾ ಖರ್ಚಾಗುತ್ತಾ?" ಇಲ್ಲ. ಫೋಟೋ ಕಂಪ್ಯೂಟರಿನಿಂದ ರೂಟರಿಗೆ, ರೂಟರಿನಿಂದ ಟಿವಿಗೆ ಹೋಗುತ್ತದೆ, ಮನೆಯ ಹೊಸಿಲು ದಾಟುವುದೇ ಇಲ್ಲ. ಬಿಲ್ ಕಟ್ಟದೆ ಇಂಟರ್ನೆಟ್ ನಿಂತಿದ್ದರೂ ಹಾಡು ಬರುತ್ತದೆ, ರೂಟರಿಗೆ ಕರೆಂಟ್ ಇದ್ದರೆ ಸಾಕು. ಸ್ಪೀಡಿನ ಚಿಂತೆಯೂ ಬೇಡ. 320 ಕೆಬಿಪಿಎಸ್‌ನ ಎಂಪಿ3 ಹಾಡು ಅಂದರೆ ಸೆಕೆಂಡಿಗೆ ಬರೀ 40 ಕಿಲೋಬೈಟ್, ಐದು ನಿಮಿಷದ ಹಾಡಿಗೆ 12 ಎಂಬಿ. ಅಷ್ಟನ್ನು ಹತ್ತು ವರ್ಷದ ಹಳೇ ರೂಟರ್ ಕೂಡ ನಿದ್ದೆಗಣ್ಣಲ್ಲಿ ಹೊರುತ್ತದೆ.

ಮೊದಲು ನೆಟ್‌ವರ್ಕ್ ನೋಡಿ

ಕಂಪ್ಯೂಟರ್ ಮತ್ತು ಟಿವಿ ಮಾತಾಡಿಕೊಳ್ಳುವ ಭಾಷೆಗೆ ಡಿಎಲ್‌ಎನ್‌ಎ ಅಂತ ಹೆಸರು. 2003ರಲ್ಲಿ ಸೋನಿ, ಇಂಟೆಲ್ ಮುಂತಾದ ಕಂಪನಿಗಳು ಸೇರಿ ಇದಕ್ಕಾಗಿ ಒಂದು ಕೂಟ ಮಾಡಿಕೊಂಡಿದ್ದವು. 2017ರಲ್ಲಿ ಆ ಕೂಟ ಮುಚ್ಚಿತು, ಆದರೆ ಭಾಷೆ ಉಳಿಯಿತು. ಇವತ್ತಿಗೂ ಎಷ್ಟೋ ಸ್ಮಾರ್ಟ್ ಟಿವಿಗಳಿಗೆ, ಹೋಮ್ ಥಿಯೇಟರ್‌ಗಳಿಗೆ ಅದು ಅರ್ಥವಾಗುತ್ತದೆ.

ಇದರ ಕೆಲಸ ಹೇಗೆ ಅಂದರೆ, ಸೊಪ್ಪಿನವಳು ಬೀದಿಯಲ್ಲಿ ಕೂಗಿಕೊಂಡು ಹೋಗುತ್ತಾಳಲ್ಲ, ಹಾಗೆ. ಟಿವಿ ಆನ್ ಆದ ತಕ್ಷಣ "ಯಾರ ಹತ್ತಿರ ಫೋಟೋ ಇದೆ, ಹಾಡು ಇದೆ?" ಅಂತ ಕೂಗುತ್ತದೆ. ಕಂಪ್ಯೂಟರ್ "ನನ್ನ ಹತ್ತಿರ ಇದೆ" ಅನ್ನುತ್ತದೆ. ಆದರೆ ಆ ಕೂಗು ನಮ್ಮ ಬೀದಿಗೆ ಮಾತ್ರ ಕೇಳುತ್ತದೆ, ಹಿಂದಿನ ಬೀದಿಗೆ ಕೇಳುವುದಿಲ್ಲ. ಎರಡೂ ಒಂದೇ ಬೀದಿಯಲ್ಲಿರಬೇಕು. ಅಂದರೆ ಒಂದೇ ನೆಟ್‌ವರ್ಕ್‌ನಲ್ಲಿರಬೇಕು.

ನಾನು ಎರಡು ದಿನ ಹಾಳು ಮಾಡಿಕೊಂಡದ್ದು ಇಲ್ಲೇ. ನಮ್ಮದು ಚಿಕ್ಕಪೇಟೆ ಕಡೆಯ ಹಳೇ ಮನೆ, ಕೆಳಗಿನ ಗೋಡೆಗಳೆಲ್ಲ ಸೈಜುಗಲ್ಲು, ಒಂದೊಂದು ಗೋಡೆ ಒಂದೂವರೆ ಅಡಿ ದಪ್ಪ. ಮೇಲಿನ ರೂಟರಿನ ಸಿಗ್ನಲ್ ಹಾಲ್‌ಗೆ ಬರುವಷ್ಟರಲ್ಲಿ ಸತ್ತಿರುತ್ತಿತ್ತು. ಅದಕ್ಕೆ ಕನೆಕ್ಷನ್ ಕೊಟ್ಟ ಹುಡುಗ ಕೆಳಗೆ ಇನ್ನೊಂದು ರೂಟರ್ ಇಟ್ಟು, ಮೇಲಿನಿಂದ ಒಂದು ವೈರ್ ಎಳೆದು ಹೋಗಿದ್ದ. ಯೂಟ್ಯೂಬ್ ಚೆನ್ನಾಗಿ ಓಡುತ್ತಿತ್ತು, ಫೋನಿಗೂ ಟಿವಿಗೂ ಇಂಟರ್ನೆಟ್ ಬರುತ್ತಿತ್ತು, ಆದ್ದರಿಂದ ಎಲ್ಲ ಸರಿ ಇದೆ ಅಂದುಕೊಂಡಿದ್ದೆ. ಆದರೆ ಟಿವಿಯಲ್ಲಿ ಕಂಪ್ಯೂಟರ್ ಮಾತ್ರ ಜಪ್ಪಯ್ಯ ಅಂದರೂ ಕಾಣುತ್ತಿರಲಿಲ್ಲ.

ಹೀಗೆ ಪರೀಕ್ಷೆ ಮಾಡಿ. ಕಂಪ್ಯೂಟರಿನಲ್ಲಿ ವೈಫೈ ಅಥವಾ ಈಥರ್ನೆಟ್ ಪ್ರಾಪರ್ಟೀಸ್ ತೆರೆದರೆ ಐಪಿ ಅಡ್ರೆಸ್ ಅಂತ ಚುಕ್ಕಿ ಇಟ್ಟು ಬೇರೆ ಮಾಡಿದ ನಾಲ್ಕು ಅಂಕಿ ಇರುತ್ತವೆ. ಟಿವಿಯಲ್ಲೂ ಸೆಟ್ಟಿಂಗ್ಸ್, ನೆಟ್‌ವರ್ಕ್ ಒಳಗೆ ಹೋದರೆ ಅದೇ ತರಹ ಇರುತ್ತವೆ. ಮೊದಲ ಮೂರು ಅಂಕಿ ಎರಡರಲ್ಲೂ ಒಂದೇ ಇದೆಯಾ ನೋಡಿ. ನಮ್ಮಲ್ಲಿ ಕಂಪ್ಯೂಟರಿನದು 192.168.1.20 ಇತ್ತು, ಟಿವಿಯದು 192.168.0.5. ಮೂರನೇ ಅಂಕಿ ಬೇರೆ, ಅಂದರೆ ಬೀದಿ ಬೇರೆ. ಕೆಳಗಿನ ರೂಟರ್ ತನ್ನದೇ ಒಂದು ಪ್ರತ್ಯೇಕ ನೆಟ್‌ವರ್ಕ್ ಕಟ್ಟಿಕೊಂಡು ಕೂತಿತ್ತು.

ಸರಿಪಡಿಸುವುದು ಕಷ್ಟವಿಲ್ಲ. ಎರಡನೇ ರೂಟರಿನ ಸೆಟ್ಟಿಂಗ್ಸ್ ಪೇಜಿನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಅಂತ ಇದ್ದರೆ ಅದನ್ನು ಆರಿಸಿ, ಮುಗಿಯಿತು. ಹಳೇ ರೂಟರಿನಲ್ಲಿ ಅದು ಇರುವುದಿಲ್ಲ. ಆಗ ಮೂರು ಕೆಲಸ: ರೂಟರಿನ ಸ್ವಂತ ಅಡ್ರೆಸ್ಸನ್ನು ಮೊದಲ ರೂಟರಿನ ಬೀದಿಗೇ ತನ್ನಿ, ಅಂದರೆ ಅದು 192.168.1.1 ಆಗಿದ್ದರೆ ಇದಕ್ಕೆ 192.168.1.2 ಕೊಡಿ. ಐಪಿ ಅಡ್ರೆಸ್ ಹಂಚುವ ಡಿಎಚ್‌ಸಿಪಿ (DHCP) ಅನ್ನುವುದನ್ನು ಆಫ್ ಮಾಡಿ. ಕೊನೆಗೆ ಮೇಲಿನಿಂದ ಬಂದ ವೈರನ್ನು ವ್ಯಾನ್ (WAN) ತೂತಿನಿಂದ ತೆಗೆದು ಲ್ಯಾನ್ (LAN) ತೂತಿಗೆ ಹಾಕಿ. ವ್ಯಾನ್ ತೂತು ಸಾಮಾನ್ಯವಾಗಿ ನೀಲಿ ಅಥವಾ ಬೇರೆ ಬಣ್ಣದಲ್ಲಿ ಒಂದೇ ಇರುತ್ತದೆ, ಲ್ಯಾನ್ ಮೂರೋ ನಾಲ್ಕೋ ಒಂದೇ ಬಣ್ಣದವು ಇರುತ್ತವೆ. ನಾನು ವೈರ್ ಬದಲಾಯಿಸಿ ಟಿವಿ ಆಫ್ ಮಾಡಿ ಆನ್ ಮಾಡಿದ ಒಂದು ನಿಮಿಷಕ್ಕೆ ಕಂಪ್ಯೂಟರಿನ ಹೆಸರು ಟಿವಿ ಮೇಲೆ ಬಂತು. ಆ ಖುಷಿ ಬೇರೆಯೇ.

ಗೆಸ್ಟ್ ವೈಫೈಗೆ ಟಿವಿ ಸೇರಿಸಿದ್ದರೂ ಇದೇ ಕಥೆ. ಗೆಸ್ಟ್ ನೆಟ್‌ವರ್ಕ್ ಇರುವುದೇ ಬಂದವರಿಗೆ ಮನೆಯ ಒಳಗಿನದು ಕಾಣದಿರಲಿ ಅಂತ. ಟಿವಿಯನ್ನು ಮುಖ್ಯ ವೈಫೈಗೆ ಹಾಕಿ, ನೆಂಟರಿಗೆ ಗೆಸ್ಟ್ ಪಾಸ್‌ವರ್ಡ್ ಕೊಡಿ. ಡಿಎಲ್‌ಎನ್‌ಎಗೆ ಪಾಸ್‌ವರ್ಡ್ ಇರುವುದಿಲ್ಲ, ಮುಖ್ಯ ವೈಫೈಗೆ ಸೇರಿದ ಯಾರ ಫೋನಿನಲ್ಲಾದರೂ ನಿಮ್ಮ ಫೋಟೋ ತೆರೆದುಕೊಳ್ಳಬಹುದು ಅನ್ನುವುದು ನೆನಪಿರಲಿ.

ಕಲ್ಲಿನ ಗೋಡೆ ಇದ್ದವರಿಗೆ ಇನ್ನೊಂದು ಮಾತು. ಈಗಿನ ಬಹಳಷ್ಟು ರೂಟರಿನಲ್ಲಿ 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಅಂತ ಎರಡು ವೈಫೈ ಬ್ಯಾಂಡ್ ಇರುತ್ತವೆ. 5 ಜಾಸ್ತಿ ವೇಗ, ಆದರೆ ಗೋಡೆ ಕಂಡರೆ ಆಗುವುದಿಲ್ಲ. ಫೋಟೋ, ಹಾಡಿಗೆ 2.4 ಧಾರಾಳ ಸಾಕು. ಅದಕ್ಕಿಂತ ಒಳ್ಳೆಯದು ವೈರ್. ಕ್ಯಾಟ್ 6 ಕೇಬಲ್ ನೂರು ಮೀಟರ್‌ವರೆಗೆ ತಕರಾರಿಲ್ಲದೆ ಹೋಗುತ್ತದೆ, ಕಿಟಕಿ ಮೂಲೆಯಲ್ಲಿ ಒಂದು ತೂತು ಕೊರೆಸಿದರೆ ಮುಗಿಯಿತು.

ವಿಂಡೋಸ್‌ನಲ್ಲಿ ಮಾಡಬೇಕಾದದ್ದು

ಮೊದಲು ನೆಟ್‌ವರ್ಕ್ ಪ್ರೈವೇಟ್ ಮಾಡಿ. ಸೆಟ್ಟಿಂಗ್ಸ್, ನೆಟ್‌ವರ್ಕ್ ಅಂಡ್ ಇಂಟರ್ನೆಟ್, ನಿಮ್ಮ ವೈಫೈ ಅಥವಾ ಈಥರ್ನೆಟ್‌ನ ಪ್ರಾಪರ್ಟೀಸ್, ಅಲ್ಲಿ ಪಬ್ಲಿಕ್ ಇದ್ದರೆ ಪ್ರೈವೇಟ್ ಅಂತ ಬದಲಾಯಿಸಿ. ಪಬ್ಲಿಕ್ ಇದ್ದರೆ ವಿಂಡೋಸ್ ತಾನು ಬಸ್ ಸ್ಟ್ಯಾಂಡಿನಲ್ಲಿ ಇದ್ದೇನೆ ಅಂದುಕೊಂಡು ಬಾಯಿ ಮುಚ್ಚಿಕೊಂಡಿರುತ್ತದೆ, ಟಿವಿ ಎಷ್ಟು ಕೂಗಿದರೂ ಓ ಅನ್ನುವುದಿಲ್ಲ.

ಆಮೇಲೆ ಸ್ಟಾರ್ಟ್ ಒತ್ತಿ 'ಮೀಡಿಯಾ ಸ್ಟ್ರೀಮಿಂಗ್ ಆಪ್ಷನ್ಸ್' ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಕಂಟ್ರೋಲ್ ಪ್ಯಾನೆಲ್‌ನ ಒಂದು ಹಳೇ ಪೇಜ್ ತೆರೆಯುತ್ತದೆ. 'ಟರ್ನ್ ಆನ್ ಮೀಡಿಯಾ ಸ್ಟ್ರೀಮಿಂಗ್' ಬಟನ್ ಒತ್ತಿ. ಮನೆಯಲ್ಲಿ ಆನ್ ಇರುವ ಟಿವಿ, ಹೋಮ್ ಥಿಯೇಟರ್ ಎಲ್ಲ ಪಟ್ಟಿಯಲ್ಲಿ ಬರುತ್ತವೆ, ನಿಮ್ಮ ಟಿವಿಯ ಎದುರು 'ಅಲೌಡ್' ಇರಬೇಕು. ಲೈಬ್ರರಿಗೆ ಒಂದು ಹೆಸರು ಕೇಳುತ್ತದೆ. ನಾನು 'ಮಹಡಿ' ಅಂತ ಇಂಗ್ಲಿಷ್ ಅಕ್ಷರದಲ್ಲಿ ಕೊಟ್ಟೆ, ಯಾಕೆ ಅಂತ ಮುಂದೆ ಹೇಳುತ್ತೇನೆ.

ವಿಂಡೋಸ್ ಹಂಚುವುದು ಮ್ಯೂಸಿಕ್, ಪಿಕ್ಚರ್ಸ್, ವಿಡಿಯೋಸ್ ಲೈಬ್ರರಿಗಳನ್ನು ಮಾತ್ರ. ನಮ್ಮಲ್ಲಿ ಬಹಳ ಜನ ಎಲ್ಲವನ್ನೂ ಡಿ ಡ್ರೈವ್‌ನಲ್ಲಿ ತುಂಬಿರುತ್ತೇವೆ, ಅಲ್ವಾ? ಆ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ, ವಿಂಡೋಸ್ 11 ಆದರೆ 'ಶೋ ಮೋರ್ ಆಪ್ಷನ್ಸ್' ಒತ್ತಿ, 'ಇನ್‌ಕ್ಲೂಡ್ ಇನ್ ಲೈಬ್ರರಿ' ಆರಿಸಿ ಪಿಕ್ಚರ್ಸ್‌ಗೋ ಮ್ಯೂಸಿಕ್‌ಗೋ ಸೇರಿಸಿ. ಫೈಲ್ ಎಲ್ಲೂ ಹೋಗುವುದಿಲ್ಲ, ಇದ್ದಲ್ಲೇ ಇರುತ್ತದೆ.

ಟಿವಿ ಕಡೆ ಕೆಲಸ ಕಡಿಮೆ. ಕೆಲವು ಟಿವಿಗಳಲ್ಲಿ ಸೋರ್ಸ್ ಬಟನ್ ಒತ್ತಿದರೆ ಎಚ್‌ಡಿಎಂಐ, ಯುಎಸ್‌ಬಿ ಪಕ್ಕದಲ್ಲೇ ಕಂಪ್ಯೂಟರ್ ಕಾಣುತ್ತದೆ, ಕೆಲವದರಲ್ಲಿ ಮೀಡಿಯಾ ಪ್ಲೇಯರ್ ಅನ್ನುವ ಆ್ಯಪ್ ಒಳಗೆ ಇರುತ್ತದೆ. ಆಂಡ್ರಾಯ್ಡ್ ಟಿವಿ ಆದರೆ ಪ್ಲೇ ಸ್ಟೋರಿನಿಂದ ವಿಎಲ್‌ಸಿ ಹಾಕಿಕೊಳ್ಳಿ, ಅದರ ಬ್ರೌಸ್ ಪುಟದಲ್ಲಿ ಲೋಕಲ್ ನೆಟ್‌ವರ್ಕ್ ಕೆಳಗೆ ಬರುತ್ತದೆ. ದುಡ್ಡಿಲ್ಲ, ಜಾಹೀರಾತಿಲ್ಲ.

ಕಂಪ್ಯೂಟರ್ ನಿದ್ದೆ ಹೋದರೆ ಎಲ್ಲ ನಿಲ್ಲುತ್ತದೆ. ಪವರ್ ಸೆಟ್ಟಿಂಗ್‌ನಲ್ಲಿ ಸ್ಕ್ರೀನ್ ಹತ್ತು ನಿಮಿಷಕ್ಕೆ ಆರಲಿ, ಸ್ಲೀಪ್ ಮಾತ್ರ 'ನೆವರ್' ಇರಲಿ. ಲ್ಯಾಪ್‌ಟಾಪ್ ಆದರೆ ಮುಚ್ಚಳ ಮುಚ್ಚಿದಾಗ 'ಡೂ ನಥಿಂಗ್' ಅಂತ ಕೊಡಿ.

ಇನ್ನೂ ಚೆಂದ ಬೇಕಾದರೆ ಜೆಲ್ಲಿಫಿನ್

ವಿಂಡೋಸ್‌ನದು ಕೆಲಸ ಮಾಡುತ್ತದೆ, ಆದರೆ ನೋಡುವುದಕ್ಕೆ ಸಪ್ಪೆ. ಬರೀ ಫೋಲ್ಡರ್ ಪಟ್ಟಿ. ಸ್ವಲ್ಪ ಹೊತ್ತು ಕೊಡುವುದಕ್ಕೆ ತಯಾರಿದ್ದರೆ ಜೆಲ್ಲಿಫಿನ್ ಹಾಕಿ ಅನ್ನುವುದು ನನ್ನ ಸಲಹೆ. 2018ರಲ್ಲಿ ಎಂಬಿ (Emby) ಅನ್ನುವ ಸಾಫ್ಟ್‌ವೇರ್‌ನಿಂದ ಕವಲೊಡೆದು ಬಂದದ್ದು, ಪೂರ್ತಿ ಉಚಿತ, ಯಾವ ಕಂಪನಿಯ ಹತ್ತಿರವೂ ಅಕೌಂಟ್ ತೆರೆಯಬೇಕಿಲ್ಲ. ಕಂಪ್ಯೂಟರಿನಲ್ಲಿ ಇನ್‌ಸ್ಟಾಲ್ ಮಾಡಿದರೆ ಬ್ರೌಸರ್ ತೆರೆದು ಹೆಸರು, ಪಾಸ್‌ವರ್ಡ್ ಕೇಳುತ್ತದೆ, ಆಮೇಲೆ ಲೈಬ್ರರಿ ಸೇರಿಸಿ ಅನ್ನುತ್ತದೆ. ಹಾಡಿಗೆ ಮ್ಯೂಸಿಕ್, ಫೋಟೋಗೆ ಹೋಮ್ ವಿಡಿಯೋಸ್ ಅಂಡ್ ಫೋಟೋಸ್. ಟಿವಿಯಲ್ಲಿ ಅದರದೇ ಆ್ಯಪ್ ಹಾಕಿ, ಸರ್ವರ್ ಅಡ್ರೆಸ್ ಕೇಳಿದಾಗ ಕಂಪ್ಯೂಟರಿನ ಐಪಿ ಬರೆದು ಕೊನೆಗೆ ಕೋಲನ್ ಹಾಕಿ 8096 ಸೇರಿಸಿ. ನಮ್ಮಲ್ಲಿ 192.168.1.20:8096.

ಈ ಅಡ್ರೆಸ್ ಕರೆಂಟ್ ಹೋಗಿ ಬಂದಾಗ ಬದಲಾಗಬಹುದು. ಆಗ ಟಿವಿ ಹಳೇ ವಿಳಾಸಕ್ಕೆ ಹೋಗಿ ಬಾಗಿಲು ತಟ್ಟುತ್ತಾ ಕೂರುತ್ತದೆ. ರೂಟರಿನ ಸೆಟ್ಟಿಂಗ್‌ನಲ್ಲಿ ಅಡ್ರೆಸ್ ರಿಸರ್ವೇಶನ್ ಅಂತ ಇರುತ್ತದೆ, ಅಲ್ಲಿ ಕಂಪ್ಯೂಟರಿಗೆ ಅದೇ ಅಂಕಿಯನ್ನು ಕಾಯಂ ಮಾಡಿ. ಹೊಸ ಕಂಪ್ಯೂಟರ್ ಬೇಡ. ಫೋಟೋ ಮತ್ತು ಹಾಡಿಗೆ ನಾಲ್ಕು ಜಿಬಿ ರ‍್ಯಾಮ್ ಇರುವ ಹಳೇ ಡಬ್ಬವೇ ನಮ್ಮನೆಯಲ್ಲಿ ಈ ಕೆಲಸ ಮಾಡುತ್ತಿರುವುದು. ದೊಡ್ಡ ವಿಡಿಯೋ ಓಡಿಸುವುದಾದರೆ ಮಾತು ಬೇರೆ.

ಕನ್ನಡ ಹೆಸರು, ಅಡ್ಡ ಬಿದ್ದ ಫೋಟೋ

ಮೊದಲ ದಿನ ಟಿವಿಯಲ್ಲಿ ನಮ್ಮ ಹಾಡುಗಳ ಪಟ್ಟಿ ಬಂತು, ಆದರೆ ಬಂದದ್ದೆಲ್ಲ ಚೌಕ ಚೌಕ ಡಬ್ಬಿಗಳು. ಟಿವಿಯೊಳಗೆ ಕನ್ನಡ ಫಾಂಟ್ ಇರಲಿಲ್ಲ. ಹಾಗಿದ್ದರೆ ನೀವು ಏನೂ ಮಾಡುವ ಹಾಗಿಲ್ಲ, ಫೋಲ್ಡರ್ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಕೊಡಬೇಕು, ಇಲ್ಲವೇ ಆಂಡ್ರಾಯ್ಡ್ ಟಿವಿಯಲ್ಲಿ ಜೆಲ್ಲಿಫಿನ್ ಆ್ಯಪ್ ಬಳಸಬೇಕು. ನಾನು ಬಳಸಿದ ಆಂಡ್ರಾಯ್ಡ್ ಟಿವಿ ಬಾಕ್ಸಿನಲ್ಲಿ ಕನ್ನಡ ಒತ್ತಕ್ಷರದ ಸಮೇತ ಸರಿಯಾಗಿ ಬರುತ್ತದೆ. ಚೌಕಗಳ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬಂದರೆ ರೋಗ ಬೇರೆ: ಹಾಡಿನ ಟ್ಯಾಗ್, ಅಂದರೆ ಫೈಲಿನೊಳಗೆ ಬರೆದಿರುವ ಹಾಡಿನ ಹೆಸರು, ಯೂನಿಕೋಡ್‌ನಲ್ಲಿ ಇಲ್ಲ, ನುಡಿ ಅಥವಾ ಬರಹದ ಹಳೇ ಫಾಂಟಿನಿಂದ ಪೇಸ್ಟ್ ಮಾಡಿದ್ದು. ಎಂಪಿ3ಟ್ಯಾಗ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ತೆರೆದು ಯೂನಿಕೋಡ್ ಕನ್ನಡದಲ್ಲಿ ಮತ್ತೆ ಬರೆಯಿರಿ. ಮೊದಲು ಒಂದೇ ಒಂದು ಹಾಡಿಗೆ ಮಾಡಿ ಟಿವಿಯಲ್ಲಿ ನೋಡಿ. ಮುನ್ನೂರು ಹಾಡಿಗೆ ಮಾಡಿ ಆಮೇಲೆ ತಲೆ ಚಚ್ಚಿಕೊಳ್ಳಬೇಡಿ, ನಾನು ಚಚ್ಚಿಕೊಂಡಿದ್ದೇನೆ.

ಫೋಟೋ ವಿಷಯದಲ್ಲಿ ಮೂರು ತರಲೆ ಇವೆ. ಐಫೋನಿನಲ್ಲಿ ತೆಗೆದದ್ದು ಎಚ್‌ಇಐಸಿ ರೂಪದಲ್ಲಿರುತ್ತದೆ, ಬಹಳ ಟಿವಿಗಳು ಅದನ್ನು ತೆರೆಯುವುದಿಲ್ಲ. ಫೋನಿನ ಕ್ಯಾಮೆರಾ ಸೆಟ್ಟಿಂಗ್, ಫಾರ್ಮ್ಯಾಟ್ಸ್‌ನಲ್ಲಿ 'ಮೋಸ್ಟ್ ಕಂಪ್ಯಾಟಿಬಲ್' ಕೊಟ್ಟರೆ ಮುಂದೆ ತೆಗೆದದ್ದು ಜೆಪೆಗ್ ಆಗುತ್ತದೆ, ಹಳೆಯದನ್ನು ಎಕ್ಸ್‌ಎನ್‌ಕನ್ವರ್ಟ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಒಟ್ಟಿಗೆ ಬದಲಾಯಿಸಿಕೊಳ್ಳಿ. ಎರಡನೆಯದು, ಕಂಪ್ಯೂಟರಿನಲ್ಲಿ ನೆಟ್ಟಗಿರುವ ಫೋಟೋ ಟಿವಿಯಲ್ಲಿ ಅಡ್ಡ ಮಲಗಿರುತ್ತದೆ. ಕ್ಯಾಮೆರಾ ಫೋಟೋವನ್ನು ತಿರುಗಿಸುವುದಿಲ್ಲ, 'ಇದನ್ನು ತಿರುಗಿಸಿ ನೋಡು' ಅಂತ ಒಳಗೆ ಒಂದು ಚೀಟಿ ಇಡುತ್ತದೆ ಅಷ್ಟೆ. ಹಳೇ ಟಿವಿ ಆ ಚೀಟಿ ಓದುವುದಿಲ್ಲ. ಇರ್ಫಾನ್‌ವ್ಯೂ ಅನ್ನುವ ಸಾಫ್ಟ್‌ವೇರ್‌ನಲ್ಲಿ ಜೆಪೆಗ್ ಲಾಸ್‌ಲೆಸ್ ರೊಟೇಶನ್ ಅಂತ ಇದೆ, ಅದು ಗುಣಮಟ್ಟ ಕೆಡಿಸದೆ ನಿಜವಾಗಿ ತಿರುಗಿಸುತ್ತದೆ. ಮೂರನೆಯದು ವಾಟ್ಸ್ಆ್ಯಪ್ ಫೋಟೋ. ಅದರಲ್ಲಿ ತೆಗೆದ ದಿನದ ಮಾಹಿತಿ ಅಳಿಸಿಹೋಗಿರುತ್ತದೆ, ಫೈಲ್ ಹೆಸರಿನಲ್ಲಿರುವ ತಾರೀಖು ನಿಮಗೆ ಬಂದ ದಿನದ್ದು. ಹೀಗಾಗಿ 2012ರ ನಾಮಕರಣದ ಫೋಟೋ ಮೊನ್ನೆಯ ಜಾತ್ರೆ ಪಕ್ಕ ಬಂದು ಕೂರುತ್ತದೆ.

ಅದಕ್ಕೆ ತಾರೀಖನ್ನು ನಂಬಬೇಡಿ, ಫೋಲ್ಡರ್ ಹೆಸರನ್ನು ನಂಬಿ. ವರ್ಷ, ತಿಂಗಳು, ಜಾಗ. '2019-05 ದೇವರಾಯನದುರ್ಗ', '2022-02 ಸಿದ್ಧಗಂಗೆ ಜಾತ್ರೆ' ಈ ತರಹ. ತಿಂಗಳನ್ನು ಎರಡಂಕಿಯಲ್ಲೇ ಬರೆಯಿರಿ, ಇಲ್ಲವಾದರೆ ಕೆಲವು ಟಿವಿಗಳಲ್ಲಿ ಹತ್ತನೇ ತಿಂಗಳು ಎರಡನೆಯದಕ್ಕಿಂತ ಮುಂಚೆ ಬರುತ್ತದೆ. ಜೊತೆಗೆ 'ತೋರಿಸಲು' ಅಂತ ಒಂದು ಫೋಲ್ಡರ್ ಮಾಡಿ, ಅದರಲ್ಲಿ ಆರಿಸಿದ ಫೋಟೋಗಳ ಕಾಪಿ ಮಾತ್ರ ಇಡಿ. ನಾಮದ ಚಿಲುಮೆಯಲ್ಲಿ ಅದೇ ಜಿಂಕೆಯ ನಲವತ್ತು ಫೋಟೋ ಯಾರೂ ನೋಡುವುದಿಲ್ಲ. ಆ ಕಾಪಿಗಳನ್ನು ಸಣ್ಣದು ಮಾಡಿದರೆ ಇನ್ನೂ ಒಳ್ಳೆಯದು. ಫುಲ್ ಎಚ್‌ಡಿ ಟಿವಿಗೆ ಬೇಕಾಗಿರುವುದು 1920 ಅಗಲ, 1080 ಎತ್ತರ ಅಷ್ಟೆ. 12 ಮೆಗಾಪಿಕ್ಸೆಲ್ ಫೋಟೋ ಒಂದೊಂದನ್ನೂ ತೆರೆಯುವಾಗ ಹಳೇ ಟಿವಿ ಏದುಸಿರು ಬಿಡುತ್ತದೆ, "ಇನ್ನೂ ಸುತ್ತುತ್ತಾನೇ ಇದೆಯಲ್ಲೋ" ಅಂತ ದೊಡ್ಡಮ್ಮ ಬಯ್ಯುತ್ತಾರೆ.

ಸದ್ದು ಹೋಮ್ ಥಿಯೇಟರಿಗೆ

ಹಾಡು ಟಿವಿಗೆ ಬಂತು, ಆದರೆ ಟಿವಿಯ ಸ್ಪೀಕರಿನಲ್ಲಿ ಹಾಡು ಕೇಳುವುದು ಅಂದರೆ ಸುಮ್ನೆ ತೌಡು ಕುಟ್ಟಿದ ಹಾಗೆ. ಟಿವಿಯಿಂದ ಹೋಮ್ ಥಿಯೇಟರಿಗೆ ಸದ್ದು ಒಯ್ಯುವುದಕ್ಕೆ ಮೂರು ದಾರಿ. ಎರಡರಲ್ಲೂ ಎಚ್‌ಡಿಎಂಐ ತೂತಿನ ಪಕ್ಕ ಎಆರ್‌ಸಿ ಅಂತ ಬರೆದಿದ್ದರೆ ಅದೇ ತೂತಿನಿಂದ ಅದೇ ತೂತಿಗೆ ಒಂದು ಕೇಬಲ್ ಸಾಕು, ಬೇರೆ ತೂತಿಗೆ ಹಾಕಿದರೆ ಸದ್ದು ಬರುವುದಿಲ್ಲ. ಟಿವಿಯ ಸೌಂಡ್ ಔಟ್‌ಪುಟ್ ಅನ್ನೂ ಬದಲಾಯಿಸಬೇಕು.

ಅದಿಲ್ಲದಿದ್ದರೆ ಆಪ್ಟಿಕಲ್, ಅಂದರೆ ಸದ್ದನ್ನು ಬೆಳಕಿನ ರೂಪದಲ್ಲಿ ಒಯ್ಯುವ ಕೇಬಲ್. ಹೊಸ ಆಪ್ಟಿಕಲ್ ಕೇಬಲ್‌ನ ಎರಡೂ ತುದಿಗೆ ಕಡಲೆಕಾಳಿನಷ್ಟು ಪ್ಲಾಸ್ಟಿಕ್ ಟೋಪಿ ಇರುತ್ತದೆ. ಬಣ್ಣವಿಲ್ಲದ್ದು, ಕಣ್ಣಿಗೆ ಕಾಣುವುದೇ ಇಲ್ಲ. ಅದನ್ನು ತೆಗೆಯದೆ ತುರುಕಿದ ನಾನು ಅಂಗಡಿಯವನು ಕೆಟ್ಟ ಕೇಬಲ್ ಕೊಟ್ಟ ಅಂತ ವಾಪಸ್ ಹೋಗಿದ್ದೆ. ಅವನು ಏನೂ ಮಾತಾಡದೆ ಉಗುರಿನಲ್ಲಿ ಟೋಪಿ ಕಿತ್ತು, ತುದಿಯಲ್ಲಿ ಕೆಂಪು ಬೆಳಕು ತೋರಿಸಿ, ಕೈಗೆ ಕೊಟ್ಟ. ಟೋಪಿ ತೆಗೆದ ಮೇಲೂ ಸದ್ದು ಬರದಿದ್ದರೆ ಟಿವಿಯ ಡಿಜಿಟಲ್ ಆಡಿಯೋವನ್ನು ಪಿಸಿಎಂ ಮಾಡಿ.

ಮೂರನೆಯದು ಹಳೇ ಆಂಪ್ಲಿಫೈಯರ್ ಇರುವವರಿಗೆ, ಹಿಂದೆ ಬರೀ ಕೆಂಪು, ಬಿಳಿ ತೂತು ಇರುವಂಥದ್ದು. ಟಿವಿಯ ಹೆಡ್‌ಫೋನ್ ತೂತಿನಿಂದ ಅಲ್ಲಿಗೆ ಒಂದು ಆಕ್ಸ್ ವೈರ್. ಹಾಡು ಮಾತ್ರ ಕೇಳುವುದಾದರೆ ಟಿವಿಯೂ ಬೇಡ. ಡ್ರಾಯರಿನಲ್ಲಿ ಬಿದ್ದಿರುವ ಹಳೇ ಆಂಡ್ರಾಯ್ಡ್ ಫೋನಿಗೆ ವಿಎಲ್‌ಸಿ ಹಾಕಿ, ಆಕ್ಸ್ ವೈರಿನಲ್ಲಿ ಆಂಪ್ಲಿಫೈಯರ್‌ಗೆ ಸೇರಿಸಿ, ಚಾರ್ಜರಿಗೆ ಹಾಕಿ ಅಲ್ಲೇ ಬಿಟ್ಟುಬಿಡಿ. ಚಾರ್ಜರ್ ಹಾಕಿದಾಗ ಗುಂಯ್ ಅಂತ ಸದ್ದು ಬಂದರೆ ಫೋನಿನ ಚಾರ್ಜರನ್ನೂ ಆಂಪ್ಲಿಫೈಯರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ, ನಮ್ಮಲ್ಲಿ ಅಷ್ಟಕ್ಕೇ ನಿಂತಿತು.

ನಮ್ಮ ಮಾವನವರ ಹರಿಕಥೆ ಕ್ಯಾಸೆಟ್‌ಗಳನ್ನೂ ಹೀಗೇ ಕೇಳುತ್ತೇವೆ. ಟೇಪ್ ರೆಕಾರ್ಡರಿನ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿನ ಲೈನ್ ಇನ್‌ಗೆ ವೈರ್ ಕೊಟ್ಟು ಆಡಾಸಿಟಿಯಲ್ಲಿ ರೆಕಾರ್ಡ್ ಮಾಡಿದ್ದು. 60 ನಿಮಿಷದ ಕ್ಯಾಸೆಟ್ ಅಂದರೆ ಒಂದು ಬದಿಗೆ ಅರ್ಧ ಗಂಟೆ, ಅವಸರ ಮಾಡುವ ಹಾಗಿಲ್ಲ, ಅದು ಓಡುವಷ್ಟು ಹೊತ್ತು ಓಡಲೇಬೇಕು.

ಕರೆಂಟ್ ಹೋಗಿ ಬಂದಾಗ

ರೂಟರಿಗೆ ಒಂದು ಮಿನಿ ಯುಪಿಎಸ್ ಹಾಕಿ. ತರುವ ಮುಂಚೆ ರೂಟರ್ ಅಡಾಪ್ಟರಿನ ಸ್ಟಿಕ್ಕರ್ ಓದಿ, ಬಹಳಷ್ಟು 12 ವೋಲ್ಟ್ ಇರುತ್ತವೆ, ಕೆಲವು 9 ವೋಲ್ಟ್ ಇರುತ್ತವೆ. ಕಂಪ್ಯೂಟರ್ ಆಫ್ ಆದರೆ ತಾನೇ ಮತ್ತೆ ಏಳುವುದಿಲ್ಲ. ಕಂಪ್ಯೂಟರ್ ಆನ್ ಆಗುವಾಗ ವಿಂಡೋಸ್‌ಗಿಂತ ಮುಂಚೆ ತೆರೆಯುವ ಬಯಾಸ್ (BIOS) ಸೆಟ್ಟಿಂಗ್‌ನಲ್ಲಿ 'ರಿಸ್ಟೋರ್ ಆನ್ ಎಸಿ ಪವರ್ ಲಾಸ್' ಅಥವಾ ಅದೇ ಅರ್ಥದ ಸಾಲು ಇರುತ್ತದೆ, ಅದನ್ನು 'ಪವರ್ ಆನ್' ಮಾಡಿದರೆ ಕರೆಂಟ್ ಬಂದ ತಕ್ಷಣ ಎದ್ದು ಕೂರುತ್ತದೆ. ಜೆಲ್ಲಿಫಿನ್ ಹಾಕುವಾಗ ಸರ್ವಿಸ್ ಆಗಿ ಇನ್‌ಸ್ಟಾಲ್ ಮಾಡಿದ್ದರೆ ಯಾರೂ ಲಾಗಿನ್ ಆಗದೆಯೂ ಅದು ಶುರುವಾಗುತ್ತದೆ.

ಕೊನೆಯ ಕೆಲಸ ರಿಮೋಟಿನದು. ನಮ್ಮ ಅತ್ತೆಗೆ ಅಷ್ಟೊಂದು ಬಟನ್ ನೋಡಿದರೇ ಗಾಬರಿ. ಹೋಮ್, ಓಕೆ, ಬ್ಯಾಕ್ ಈ ಮೂರಕ್ಕೆ ನನ್ನ ಹೆಂಡತಿ ಕೆಂಪು ನೇಲ್ ಪಾಲಿಷ್ ಚುಕ್ಕೆ ಇಟ್ಟಳು, ಜೆಲ್ಲಿಫಿನ್ ಆ್ಯಪನ್ನು ಟಿವಿಯ ಮುಖಪುಟದಲ್ಲಿ ಮೊದಲನೆಯದಾಗಿ ತಂದಿಟ್ಟೆವು. ಈಗ ಸಾಯಂಕಾಲ ದೀಪ ಹಚ್ಚಿ ಅವರೇ ಹರಿಕಥೆ ಹಾಕಿಕೊಳ್ಳುತ್ತಾರೆ. ವಾಲ್ಯೂಮ್ ಮಾತ್ರ ಎರಡನೇ ರಿಮೋಟಿನಲ್ಲಿ ಇರುವುದರಿಂದ, ಅದು ಜಾಸ್ತಿಯಾದಾಗ "ಲೋ ಬಾರೋ ಕೆಳಗೆ" ಅಂತ ಕೂಗುತ್ತಾರೆ.